ಹಿತ್ತಲ ನೀರು

"ಇದು ತಲಬಾಗಲಾ. ತಲಿ ಬಗ್ಗಿಸಿ ಬರ್ರಿ" ಎಂದರು ವಾಸುದೇವರಾಯರು, ಮೊಣಕಾಲುದ್ದ ನೀರಿನಲ್ಲಿ ನಿಂತು. ತಲೆಯ ಮೇಲೆ ಆಕಾಶ ಬಿಟ್ಟರೆ ಇನ್ನೇನೂ ಇರಲಿಲ್ಲ. ಆದರೂ ಮಗಳು ವಂದನಾ ಅಪ್ಪನ ಮನಸ್ಸಿಗಾಗಿ ಕುತ್ತಿಗೆ ತಗ್ಗಿಸಿದಳು. ಅವಳ ಕ್ಯಾಮೆರಾದ ಚೀಲವನ್ನು ಹೆಗಲಿಗೆ ಅಡ್ಡ ಹಾಕಿಕೊಂಡು ಹಿಂದೆ ಬರುತ್ತಿದ್ದ ಬಾಡಿಗೆ ಕಾರಿನ ಶಾಹಿದ ಬಹಳ ಗಂಭೀರವಾಗಿ ಕೇಳಿದ: "ಚಪ್ಲಿ ಒಳಗ ಬಿಡೂದೋ, ಹೊರಗೋ ಸರ?"

"ನಗಬ್ಯಾಡೋ. ನಿಮ್ಮಜ್ಜ ಲಾಡಸಾಬ ನಮ್ಮ ಮನಿ ಗಾದಿಗೆಲ್ಲಾ ಅರಳಿ ಹಿಂಜ್ಯಾನ, ಇಲ್ಲೇ."

"ಒಳಗೇನ್ರಿ?"

"ಹಿತ್ತಲದಾಗ" ಎಂದರು ರಾಯರು, ಸ್ವಲ್ಪ ತಡೆದು.

ಬೇಸಿಗೆಗೆ ಅಣೆಕಟ್ಟಿನ ಹಿನ್ನೀರು ಇಳಿದು, ಬಾಗಲಕೋಟೆಯ ಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ದಂಡೆಗೆ ಬರುವ ದಿನಗಳವು. ವಂದನಾ ಪುಣೆಯಿಂದ ಬಂದದ್ದು ರಾಜಹಂಸಗಳ ಫೋಟೋ ತೆಗೆಯಲು. ರಾಯರು ಬಂದದ್ದು ಮುಳುಗಿದ ಮನೆಯನ್ನು ಅವಳಿಗೆ ತೋರಿಸಲು. ಮನೆಯೇನೋ ಮುಳುಗಿ ಇಪ್ಪತ್ತು ವರ್ಷದ ಮೇಲಾಗಿತ್ತು, ಆದರೆ ರಾಯರ ಕಾಲಿಗೆ ಆ ಸುದ್ದಿ ಇನ್ನೂ ತಲುಪಿದಂತಿರಲಿಲ್ಲ. ಅವರು ಇಲ್ಲದ ಗೋಡೆಗಳನ್ನು ಬಳಸಿ, ಇಲ್ಲದ ಪಡಸಾಲೆ ಹತ್ತಿ, ಇಲ್ಲದ ಅಡಿಗೆಮನೆಯ ಹೊಸ್ತಿಲು ದಾಟಿ, ಬಯಲು ನೀರಿನಲ್ಲಿ ಮೂಲೆ ಮೂಲೆಗೆ ತಿರುಗುತ್ತ ನಡೆದರು. ಮಗಳೂ ಅವರು ತಿರುಗಿದಲ್ಲೇ ತಿರುಗಿದಳು. ದೂರದಿಂದ ನೋಡಿದವರಿಗೆ ತಂದೆ ಮಗಳಿಬ್ಬರೂ ಕುಡಿದಿದ್ದಾರೆ ಅನ್ನಿಸಬೇಕು.

ಶಾಹಿದನಿಗೆ ಈ ಊರಿನ ಋಣವಿರಲಿಲ್ಲ. ಮುಳುಗಡೆಯಾದ ಮೇಲೆ ನವನಗರದಲ್ಲಿ ಹುಟ್ಟಿದವನು. ಹಕ್ಕಿಗಳು ಗುಂಪಾಗಿ ನಿಂತದ್ದು ನೇರ ಮುಂದೆ. ಅವನು ಅಡಿಗೆಮನೆಯಲ್ಲೇ ರಾಯರನ್ನು ಬಿಟ್ಟು ಅಡ್ಡ ಹೊಡೆದ. "ಅಕ್ಕಾರ, ಹಿಂಗ ಬರ್ರಿ. ಸರ ಬಾಗಲಾ ತಗದು ಬರೂದ್ರಾಗ ಹಕ್ಕಿ ಹಾರಿ ಹೊಕ್ಕಾವು!"

ವಂದನಾ ನಕ್ಕಳು. ರಾಯರು ತಿರುಗಿ ನೋಡಿದರು. ಹುಡುಗ ಗೋಡೆ ದಾಟಿ ಹಿತ್ತಲಲ್ಲಿದ್ದ. ಹಿತ್ತಲಲ್ಲಿ ಬಾವಿ. ಊರು ಬಿಡುವಾಗ ಅದರ ಕಟ್ಟೆಯ ಕಲ್ಲುಗಳನ್ನು ರಾಯರೇ ಕೀಳಿಸಿ ಒಯ್ದು ನವನಗರದ ಮನೆಗೆ ಮೆಟ್ಟಿಲು ಮಾಡಿಸಿದ್ದರು. ಬಾವಿಯ ಬಾಯಿ ಮಾತ್ರ ಅಲ್ಲೇ ಉಳಿದಿತ್ತು. ಕೆಸರು ನೀರಿನ ಮೇಲೆ ಅದರ ಗುರುತೇ ಇರಲಿಲ್ಲ.

ಕೂಗಬೇಕಾದದ್ದು ಎರಡಕ್ಷರ. ಕಾಲೇಜಿನಲ್ಲಿ ಇಡೀ ಆಯುಷ್ಯ ಕನ್ನಡ ಪಾಠ ಹೇಳಿದ ರಾಯರ ಬಾಯಿಗೆ ಆ ಗಳಿಗೆಯಲ್ಲಿ ಆ ಎರಡಕ್ಷರ ಬರಲಿಲ್ಲ. ಬಂದದ್ದು ಅವರ ತಾಯಿಯ ಮಾತು. ಲಾಡಸಾಬ ಅರಳೆ ಹಿಂಜುವ ಬಿಲ್ಲು ಹೊತ್ತು ಹಿತ್ತಲಿಗೆ ಬಂದಾಗಲೆಲ್ಲ ಆಕೆ ಅಡಿಗೆಮನೆಯಿಂದ ಒದರುತ್ತಿದ್ದ ಮಾತು.

"ಏ! ಅಲ್ಲೇ ದೂರ ನಿಂದ್ರು! ಮಡಿನೀರ ಅದ ಅದು, ಬರಬ್ಯಾಡಾ!"

ಶಾಹಿದ ನಿಂತ. ಅವನ ಮುಖದ ನಗೆ ಒಂದು ಕ್ಷಣ ಹಾಗೇ ಉಳಿದು, ಆಮೇಲೆ ಬೇರೆಯದೇ ನಗೆಯಾಯಿತು.

"ಅಪ್ಪಾ!" ವಂದನಾ ಕೆಂಪಾದಳು. "ಏನ್ ಮಾತಾಡ್ಲಿಕ್ಹತ್ತೀ? ಶಾಹಿದ, ಸಾರಿ, ಅವರು ಏನೋ—"

"ಇಲ್ಲೋ, ನಾ ಅಂದದ್ದು ಅದಲ್ಲ, ಅಲ್ಲೆ—"

"ಇರ್ಲಿ ಬಿಡ್ರಿ ಅಕ್ಕಾರ" ಎಂದ ಶಾಹಿದ. "ಸರ, ಈಗ ಇದು ಸರ್ಕಾರದ ನೀರ್ರಿ. ಎಮ್ಮಿನೂ ಇಳಿತಾವು, ನಾವೂ ಇಳಿತೇವಿ. ಇನ್ನೆಲ್ಲಿ ಮಡಿ?" ಹಾಗೆಂದವನೇ, ರಾಯರ ಕಣ್ಣಲ್ಲಿ ಕಣ್ಣಿಟ್ಟು, ಬೇಕೆಂದೇ ಒಂದು ದೊಡ್ಡ ಹೆಜ್ಜೆ ಮುಂದಿಟ್ಟ.

ಸದ್ದೇನೂ ಆಗಲಿಲ್ಲ. ಮನುಷ್ಯ ಇದ್ದಲ್ಲಿ ನೀರಿತ್ತು. ಒಮ್ಮೆ ಚೀಲದ ಪಟ್ಟಿ ಮೇಲೆ ಬಂತು, ಒಮ್ಮೆ ಕೈ ಬಂತು. ವಂದನಾ ದುಪಟ್ಟಾ ಎಳೆದು ಎಸೆದಳು, ತಾನೇ ನುಗ್ಗಿದಳು. ರಾಯರು ಅವಳ ರಟ್ಟೆಯನ್ನು ಎರಡೂ ಕೈಯಿಂದ ಹಿಡಿದು ಬಿಡಲಿಲ್ಲ. "ಬಾವಿ ಅದ, ಬಾವಿ ಅದ" ಎಂದು ಅವರು ಆಗ ಎಷ್ಟು ಸಲ ಅಂದರೋ. ಹಾರಿದ ರಾಜಹಂಸಗಳು ಒಂದು ಸುತ್ತು ಹಾಕಿ, ಗದ್ದಲ ಮುಗಿಯಿತೆಂದು ತಿಳಿದು, ಇದ್ದಲ್ಲಿಗೇ ಬಂದು ಇಳಿದವು. ಅಷ್ಟು ಹತ್ತಿರದಿಂದ ಅವನ್ನು ಯಾರೂ ನೋಡಿರಲಿಕ್ಕಿಲ್ಲ, ಯಾರೂ ನೋಡಲಿಲ್ಲ.

ಮೀನುಗಾರರು ಬಂದು ತೆಗೆಯುವಾಗ ಹೊತ್ತು ಇಳಿದಿತ್ತು. ಬುತ್ತಿ ತಂದವರು ಬುತ್ತಿ ಬಿಟ್ಟು ಸುತ್ತ ನಿಂತರು. ಶಾಹಿದನ ಅಪ್ಪ ನಜೀರಸಾಬ ಯಾರದೋ ಬೈಕಿನ ಹಿಂದೆ ಕುಳಿತು ಬಂದ. ಅಳಲಿಲ್ಲ. ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಹೆಗಲ ಮೇಲಿನ ವಲ್ಲಿಯ ತುದಿಯಿಂದ ಕಿವಿಯೊಳಗಿನ ಕೆಸರು ತೆಗೆಯತೊಡಗಿದ.

"ರಾಯರ, ನಿಮಗ ಬಾವಿ ಗೊತ್ತಿತ್ತಲ್ರಿ. ಕೂಗಲಿಲ್ಲೇನು?"

"ಕೂಗಿದೆ, ನಜೀರಸಾಬ."

"ಏನಂತ ಕೂಗಿದ್ರಿ?"

ವಂದನಾ ನೆಲ ನೋಡಿದಳು. ಸುಳ್ಳು ಹೇಳಲು ರಾಯರಿಗೆ ಬೇಕಾದಷ್ಟು ಹೊತ್ತಿತ್ತು. ಆದರೂ ಅವರು ಅದನ್ನೇ ಹೇಳಿದರು, ಅಕ್ಷರ ಬಿಡದೆ, ಸಣ್ಣ ದನಿಯಲ್ಲಿ.

ನಜೀರಸಾಬ ಕೈ ನಿಲ್ಲಿಸಲಿಲ್ಲ. ಒಂದು ಕಿವಿ ಮುಗಿಸಿ, ಮಗನ ತಲೆಯನ್ನು ಮೆಲ್ಲಗೆ ಆಚೆ ಹೊರಳಿಸಿದ.

"ನನಗ ಕೂಗಿದ್ರ ನಿಂತುಬಿಡ್ತಿದ್ನಿರಿ" ಎಂದ. "ಇವಗ ನಾ ಅದನ್ನ ಕಲಿಸಿರಲಿಲ್ಲ."