ಮುರಿಗೆಪ್ಪ ಕಳೆದುಕೊಂಡ ವೆಬ್‌ಸೈಟ್

ಇದನ್ನು ನನಗೆ ಹೇಳಿದ್ದು ಹುಬ್ಬಳ್ಳಿಯ ಮುರಿಗೆಪ್ಪ ಸವಡಿಯವರೇ... ತಮ್ಮ ತಪ್ಪನ್ನು ಮುಚ್ಚಿಡದೆ ಹೇಳಿದರು. ಅದಕ್ಕೇ ನಿಮಗೂ ಕಳಿಸುತ್ತಿದ್ದೇನೆ.

ಅವರದು ಪಂಪ್‌ಸೆಟ್ಟಿನ ವಾಲ್ವ್ ತಯಾರಿಸುವ ಸಣ್ಣ ಕಾರ್ಖಾನೆ. ಹದಿನೆಂಟು ಜನ ಕೆಲಸಗಾರರು. ಸವಡಿ ವಾಲ್ವ್ ಅಂದರೆ ಸುತ್ತಲಿನ ಜಿಲ್ಲೆಗಳ ಅಂಗಡಿಯವರು ಕಣ್ಣು ಮುಚ್ಚಿ ತೆಗೆದುಕೊಳ್ಳುತ್ತಿದ್ದರು.

ಒಂದು ದಿನ ಶಾಹೀನ್ ನದಾಫ್ ಎಂಬ ಹೆಣ್ಣುಮಗಳು ಬಂದರು. ಹನ್ನೆರಡು ವರ್ಷದಿಂದ ವೆಬ್‌ಸೈಟ್ ಮಾಡಿಕೊಡುವುದೇ ಅವರ ಕೆಲಸ.

“ಮೂರು ವಾರ ಬೇಕ್ರಿ ಕಾಕಾರ. ನಿಮ್ಮ ಕೆಲಸ ನೋಡಬೇಕು, ಗಿರಾಕಿಗಳ ಕೂಡ ಮಾತಾಡಬೇಕು” ಎಂದರು.

ಮುರಿಗೆಪ್ಪ ನಕ್ಕುಬಿಟ್ಟರು.

“ನಾಕು ಫೋಟೋ, ಒಂದು ಫೋನ್ ನಂಬರ್ ಹಾಕಾಕ ಮೂರು ವಾರ ಏನ್ ತಂಗಿ? ನಮ್ಮ ದೊಡ್ಡ ಡೀಲರ್ ಕಂಪನಿಯವರು ಪುಕ್ಕಟೆ ಮಾಡಿಕೊಡ್ತೀವಿ ಅಂದಾರ...”

ಟೇಬಲ್ ಮೇಲಿದ್ದ ಪೇಪರ್ ತೋರಿಸಿ ಮುಂದುವರಿಸಿದರು. “ಇದು ಅಣುಬಾಂಬಿನ ಕಾಲ. ಸಣ್ಣ ದೇಶ ಒಂಟಿಯಾಗಿ ನಿಂತ್ರ ಉಳಿಯೂದಿಲ್ಲ. ದೊಡ್ಡವರ ಕೂಡ ಒಪ್ಪಂದ ಮಾಡ್ಕೊಂಡ್ರ ಯಾರೂ ಮುಟ್ಟಾಂಗಿಲ್ಲ. ವ್ಯಾಪಾರಾನೂ ಹಂಗ!”

ಶಾಹೀನ್ ಆ ಪೇಪರ್ ಮಡಚಿಟ್ಟು ಹೇಳಿದರು.

“ಬಾಂಬಿನ ಬಟನ್ ದೊಡ್ಡವರ ಕೈಯಾಗ ಇರ್ತೈತ್ರಿ. ಅವರು ಜಗಳಕ್ಕ ಹೊಂಟ್ರ ಸಣ್ಣವರೂ ಹಿಂದ ಹೋಗಬೇಕಾಕ್ಕೈತಿ. ಒಪ್ಪಂದ ಬ್ಯಾಡ ಅನ್ನೂದಿಲ್ಲ... ಬಿಟ್ಟು ಬರಾಕ ಆಗ್ತೈತೇನು ಅಂತ ಮೊದಲ ನೋಡ್ಕೋರಿ.”

“ವೆಬ್‌ಸೈಟ್ ಮಾಡಾಕಿಗೆ ಲೋಕದ ರಾಜಕೀಯ ಯಾಕ ತಂಗಿ?”

ಒಂದು ಕಪ್ ಚಹಾ ಕೂಡ ಕೊಡದೆ ಕಳಿಸಿದರು.

ಕಂಪನಿಯವರ ಪುಕ್ಕಟೆ ವೆಬ್‌ಸೈಟ್ ಬಂತು. ಮುರಿಗೆಪ್ಪ ಹೋದಲ್ಲೆಲ್ಲ ಫೋನ್ ತೆಗೆದು ತೋರಿಸಿದ್ದೇ ತೋರಿಸಿದ್ದು.

ಎರಡನೇ ವರ್ಷ ಕಾರ್ಖಾನೆಯ ಫೋನ್ ಸುಮ್ಮನಾಯಿತು...

ವೆಬ್‌ಸೈಟಿನಲ್ಲಿದ್ದ ನಂಬರ್ ಕಂಪನಿಯದು. ಮೆಸೇಜ್ ಹೋಗುತ್ತಿದ್ದುದೂ ಅಲ್ಲಿಗೇ. ಹಳೇ ಗಿರಾಕಿಗಳೆಲ್ಲ ಅವರ ಗಿರಾಕಿಗಳಾಗಿಬಿಟ್ಟಿದ್ದರು.

ಆಮೇಲೆ ಅಪ್ಪಣೆಗಳು ಶುರುವಾದವು. ಅಂಗಡಿಗಳಿಗೆ ನೇರವಾಗಿ ಮಾರಬೇಡಿ. ಹಿತ್ತಾಳೆ ಕಡಿಮೆ ಮಾಡಿ, ವಾಲ್ವ್ ತೆಳುವಾಗಲಿ.

ಆಗುವುದಿಲ್ಲ ಅಂದರೆ?

“ಅದೇ ವೆಬ್‌ಸೈಟಿನಲ್ಲಿ ಬೇರೆ ಕಾರ್ಖಾನೆಯ ಮಾಲು ಹಾಕುತ್ತೇವೆ. ಅದು ನಮ್ಮ ಹೆಸರಿನಲ್ಲಿದೆ.”

ಓದದೆ ಸಹಿ ಹಾಕಿದ ಕಾಗದದಲ್ಲಿ ಇದೆಲ್ಲ ಇತ್ತು. ಬಿಟ್ಟು ಬಂದರೆ ಹದಿನೆಂಟು ಮನೆಗಳ ಒಲೆ... ಬಿಡದಿದ್ದರೆ ತಮ್ಮದೇ ಹೆಸರಿನ ಕಳಪೆ ವಾಲ್ವ್.

ಫೋನ್ ಬಂದಾಗಲೆಲ್ಲ “ಆತ್ರಿ ಸರ್... ಆತ್ರಿ ಸರ್...” ಅನ್ನುವುದೊಂದೇ ಉಳಿಯಿತು. ಕೆಲಸಗಾರರ ಮುಖ ನೋಡುವುದನ್ನೇ ಬಿಟ್ಟರು.

ಒಂದು ಮಧ್ಯಾಹ್ನ ಮುರಿಗೆಪ್ಪ ಶಾಹೀನ್ ಅವರ ಆಫೀಸಿನ ಮೆಟ್ಟಿಲು ಹತ್ತಿದರು. ಅರ್ಧಕ್ಕೆ ನಿಂತು ಎರಡು ಸಲ ಇಳಿದರು. ಮೂರನೇ ಸಲ ಒಳಗೆ ಹೋದರು.

“ತಪ್ಪಾತು ತಂಗಿ...”

ಶಾಹೀನ್ ಕುರ್ಚಿ ಎಳೆದು ಕೂರಿಸಿದರು. ಒಂದು ತಾಸು ಕಾಗದ, ವೆಬ್‌ಸೈಟ್ ಎಲ್ಲ ಪರೀಕ್ಷೆ ಮಾಡಿದರು.

“ಈ ವೆಬ್‌ಸೈಟ್ ನಿಮ್ಮ ಕೈಗೆ ಬರೂದು ಕಷ್ಟ ಐತ್ರಿ. ಕೋರ್ಟಿಗೆ ಹೋದ್ರ ವರ್ಷಗಟ್ಟಲೆ. ನಿಮ್ಮ ಹೆಸರಿಗೇ ಹೊಸದು ಮಾಡೂಣು.”

ಈ ಸಲ ಮುರಿಗೆಪ್ಪ ಎಷ್ಟು ದಿನ ಅಂತ ಕೇಳಲೇ ಇಲ್ಲ.

ಶಾಹೀನ್ ದಿನಾ ಕಾರ್ಖಾನೆಗೆ ಬಂದರು. ಮಶೀನುಗಳ ಸದ್ದಿನ ನಡುವೆ ನಿಂತು ಒಬ್ಬೊಬ್ಬರನ್ನೂ ಮಾತಾಡಿಸಿದರು.

ಫಕೀರಪ್ಪ ಎಂಬವರು ಇಪ್ಪತ್ತಾರು ವರ್ಷದಿಂದ ವಾಲ್ವ್‌ಗಳಿಗೆ ನೀರು ಬಿಟ್ಟು ಪರೀಕ್ಷೆ ಮಾಡುವವರು. ಪ್ರತಿ ವಾಲ್ವಿಗೂ ಕಿವಿ ಹಚ್ಚುತ್ತಿದ್ದರು. ಯಾಕೆ ಅಂತ ಮುರಿಗೆಪ್ಪ ಒಂದು ದಿನವೂ ಕೇಳಿರಲಿಲ್ಲ... ಶಾಹೀನ್ ಕೇಳಿದರು.

“ಸೋರೂದು ಕಣ್ಣಿಗೆ ಕಾಣೂಕಿಂತ ಮೊದಲ ಕಿವಿಗೆ ಕೇಳತೈತ್ರಿ ಮೇಡಂ.”

ಹೊಸ ವೆಬ್‌ಸೈಟ್ ತೆರೆದ ದಿನ ಎಲ್ಲರೂ ಸೇರಿದ್ದರು. ಮೊದಲು ಕಂಡಿದ್ದು ಫಕೀರಪ್ಪನವರ ಫೋಟೋ. ಕೆಳಗೆ ಅವರ ಹೆಸರು, ಅವರದೇ ಮಾತು.

ಫಕೀರಪ್ಪ ಕೈ ಒರೆಸಿಕೊಂಡು ಫೋನ್ ಹಿಡಿದರು.

“ಮಾಲಕ್ರ... ರೇಷನ್ ಕಾರ್ಡ್ ಬಿಟ್ರ ನನ್ನ ಹೆಸರು ಎಲ್ಲೂ ಬಂದಿದ್ದಿಲ್ರಿ.”

ಅವರ ಕಣ್ಣು ತುಂಬಿತು. ಮುರಿಗೆಪ್ಪ ಖುಷಿಯಿಂದ ಅವರ ಹೆಗಲ ಮೇಲೆ ಕೈಯಿಟ್ಟರು.

ಆಗ ಫಕೀರಪ್ಪ ಮೆಲ್ಲಗೆ ಹೇಳಿದರು...

“ತಪ್ಪು ತಿಳೀಬ್ಯಾಡ್ರಿ. ಈಗ ಮಾಡೂ ತೆಳು ವಾಲ್ವಿನ ಮ್ಯಾಲ ನನ್ನ ಹೆಸರು ಬ್ಯಾಡ್ರಿ. ಅದನ್ನ ತೆಗೆದುಬಿಡ್ರಿ.”

ಮುರಿಗೆಪ್ಪ ಅಲ್ಲೇ ಕೂತು, ಎಲ್ಲರೆದುರು ಅತ್ತುಬಿಟ್ಟರು.

ಅವತ್ತೇ ಸಂಜೆ ಕಂಪನಿಯ ಫೋನ್. “ಹೊಸ ವೆಬ್‌ಸೈಟ್ ಕೂಡಲೇ ಬಂದ್ ಮಾಡಿ.”

“ಆಗೂದಿಲ್ರಿ ಸರ್.” ಎಂದರು ಮುರಿಗೆಪ್ಪ. “ತೆಳು ವಾಲ್ವೂ ಇನ್ನ ಮಾಡಾಂಗಿಲ್ಲ.”

ಆರ್ಡರ್ ನಿಂತವು. ನಾಲ್ಕು ತಿಂಗಳು ಅರ್ಧ ದಿನದ ಕೆಲಸ. ಇಬ್ಬರು ಕೆಲಸಗಾರರು ಬಿಟ್ಟುಹೋದರು. ಶಾಹೀನ್ ಹುಡುಕಿಕೊಟ್ಟ ಹಳೇ ಅಂಗಡಿಗಳಿಗೆ ಮುರಿಗೆಪ್ಪನವರೇ ಹೋಗಿ ಕ್ಷಮೆ ಕೇಳಿದರು. ಅಂಗಡಿಯವರು ಒಬ್ಬೊಬ್ಬರಾಗಿ ತಿರುಗಿ ಬಂದರು.

ಆ ಹಳೇ ವೆಬ್‌ಸೈಟ್ ಇವತ್ತಿಗೂ ಇದೆ. ಅದರಲ್ಲಿ ಸವಡಿ ಹೆಸರು, ಬೇರೆಯವರ ಮಾಲು... “ದಿನಾ ಒಮ್ಮೆ ತೆಗೆದು ನೋಡ್ತೀನಿ. ಎದಿಗೆ ಚುಚ್ಚತೈತಿ” ಎಂದರು ನನ್ನ ಹತ್ತಿರ.

ಇನ್ನೊಬ್ಬರ ದುಡಿಮೆಗೆ ಬೆಲೆ ಕೊಡದವರು, ಗೊತ್ತಿಲ್ಲದೆಯೇ ತಮ್ಮ ಹೆಸರನ್ನು ಬೇರೆಯವರ ಕೈಗೆ ಕೊಟ್ಟಿರುತ್ತಾರೆ.

ನೀವು ಮಾಡುತ್ತಿರುವ ಕೆಲಸದ ಮೇಲೆ ನಿಮ್ಮ ಹೆಸರು ಬರೆಯುತ್ತೇವೆ ಅಂದರೆ... ಬರೆಯಿರಿ ಅನ್ನುತ್ತೀರಾ?