ಸೂರಕ್ಕಿಯ ಪೀಪಿ

"ನಿಲ್ಲಿಸ್ರೋ" ಎಂದು ಸಂಗೀತದ ಮೇಷ್ಟ್ರು ಗುಡುಗಿದ ರಭಸಕ್ಕೆ ಶಾಲೆಯ ತಗಡಿನ ಛಾವಣಿ ಗೇಣುದ್ದ ಮೇಲೆದ್ದು ಮತ್ತೆ ಸ್ವಸ್ಥಾನದಲ್ಲಿ ಕೂತಿತು. ನಾಡಹಕ್ಕಿಗಳ ಸಂಗೀತ ನಾಟಕ ನಾಳೆಯೇ. ಕಾಗೆ, ಗೂಬೆ, ಕೊಕ್ಕರೆಗಳೆಲ್ಲ ರಟ್ಟಿನ ರೆಕ್ಕೆ ಮಡಚಿ ನಿಂತವು.

"ಸೂರಕ್ಕಿ ಎಲ್ಲಮ್ಮಾ? ನಿನ್ನ ಪೀಪಿ ಯಾಕೆ ಬಾಯಿ ಬಿಡ್ತಿಲ್ಲ?"

"ಊದ್ದೆ ಸಾರ್" ಎಂದಳು, ಹೂವಿನ ರಸ ಹೀರುವ ಆ ಪುಟ್ಟ ಹಕ್ಕಿಯ ವೇಷ ತೊಟ್ಟ ಎರಡನೇ ಕ್ಲಾಸಿನ ಹುಡುಗಿ. ಕೈಯಲ್ಲಿ ಕಿರುಬೆರಳಿನಷ್ಟು ತಗಡಿನ ಪೀಪಿ.

"ನನ್ನ ಕಿವಿಗೇ ಹೂವಿಡ್ತೀಯಾ?"

ಆ ಕಿವಿಯೇನು ಸಾಮಾನ್ಯದ್ದೇ? ಪಕ್ಕದ ಬೀದಿಯಲ್ಲಿ ಯಾರಾದರೂ ಅಪಸ್ವರದಲ್ಲಿ ಆಕಳಿಸಿದರೆ ಮೇಷ್ಟ್ರು ಇಲ್ಲಿ ಮುಖ ಕಿವುಚುತ್ತಿದ್ದರು. ಸೊಳ್ಳೆಗಳು ಕೂಡ ಶ್ರುತಿ ಸರಿಮಾಡಿಕೊಂಡೇ ಅವರ ಕೋಣೆಗೆ ಕಾಲಿಡುತ್ತಿದ್ದವು. ಈ ವರ್ಷ ಮಾತ್ರ ಸೊಳ್ಳೆಗಳೇ ಇಲ್ಲ ಎಂದು, ಮೈ ಕೆರೆದುಕೊಳ್ಳುತ್ತಲೇ, ಅವರು ಎಲ್ಲರಿಗೂ ಹೇಳಿಕೊಂಡು ತಿರುಗಿದ್ದರು.

ಹುಡುಗಿ ಮತ್ತೆ ಊದಿದಳು. ಕೆನ್ನೆ ಕುಂಬಳಕಾಯಾಯಿತು, ಕಣ್ಣುಗುಡ್ಡೆಗಳು ಹೊರಗೆ ಬಂದು ಮೇಷ್ಟ್ರನ್ನು ನೋಡಿ ಹೆದರಿ ಒಳಗೆ ಹೋದವು. ಮೇಷ್ಟ್ರಿಗೆ ಕೇಳಿಸಿದ್ದು ಬರಿಯ ಉಸಿರು.

"ನನ್ನ ಹತ್ರಾನೇ ನಾಟಕ ಆಡ್ತೀಯಾ? ಕೊಡು ಇಲ್ಲಿ."

ಕಿತ್ತುಕೊಂಡು ತಾವೇ ಊದಿದರು. ಇಡೀ ಹಕ್ಕಿಹಿಂಡು ಒಟ್ಟಿಗೆ ಕಿವಿ ಮುಚ್ಚಿಕೊಂಡಿತು. ಗೂಬೆ ಕುಕ್ಕರಿಸಿಬಿಟ್ಟಿತು. "ಸಾಕು ಸಾರ್, ಹಲ್ಲೆಲ್ಲ ಜುಂ ಅಂತಿದೆ" ಎಂದಿತು ಕಾಗೆ. ಮೇಷ್ಟ್ರು ಇನ್ನೊಮ್ಮೆ ಊದಿದರು, ಮೆಲ್ಲಗೆ. ಮಕ್ಕಳ ಕೈ ಮತ್ತೆ ಕಿವಿಗೆ ಹೋಯಿತು. ಮೇಷ್ಟ್ರ ಪಾಲಿಗೆ ಮಾತ್ರ ಪೀಪಿಯೊಳಗೆ ಗಾಳಿ ಬಂದು ಹೋಯಿತು, ಅಷ್ಟೆ. ಅವರು ಪೀಪಿಯನ್ನು ತಟ್ಟನೆ ಜೇಬಿಗೆ ಸೇರಿಸಿದರು.

ಹೆಡ್ ಮೇಡಂ ಓಡಿ ಬಂದರು. "ಏನ್ರೀ ಮೇಷ್ಟ್ರೇ ಅದು, ಆಫೀಸಿನ ತನಕ ಕಿವಿ ಕೊರೀತಲ್ಲ?"

"ಸೂರಕ್ಕಿ ಬೇಡ ಮೇಡಂ, ನಾಟಕದಿಂದ ತೆಗೆದುಬಿಟ್ಟೆ. ಆ ಹುಡುಗಿಗೆ ಊದೋಕೆ ಬರಲ್ಲ."

ಹುಡುಗಿ ತಲೆ ತಗ್ಗಿಸಿಕೊಂಡು ಏನೋ ಕೇಳಿದಳು. ಮೇಷ್ಟ್ರ ಕಿವಿಗೆ ದನಿ ಬಂತು, ಮಾತು ಬರಲಿಲ್ಲ. ಏನಂದೆ ಎಂದು ಕೇಳಿದರೆ ಗುಟ್ಟು ರಟ್ಟಾಗುತ್ತದೆ, ಅನ್ನಕ್ಕೆ ಕಲ್ಲು ಬೀಳುತ್ತದೆ. ಮೇಷ್ಟ್ರು ದೊಡ್ಡದಾಗಿ ತಲೆಯಾಡಿಸಿ, "ಹೌದಮ್ಮಾ, ಹೌದು" ಎಂದರು.

ಹುಡುಗಿ ತನ್ನ ರೆಕ್ಕೆಯ ದಾರವನ್ನು ತಾನೇ ಬಿಚ್ಚತೊಡಗಿದಳು. ಹೆಡ್ ಮೇಡಂ ಮೇಷ್ಟ್ರನ್ನೇ ದಿಟ್ಟಿಸಿದರು.

"ತಪ್ಪು ನಂದಾ ಸಾರ್ ಅಂತ ಮಗು ಕೇಳಿದ್ರೆ, ಹೌದು ಅಂತೀರಲ್ರೀ?"

ಮೇಷ್ಟ್ರು ಹಾರ್ಮೋನಿಯಂ ಎಳೆದುಕೊಂಡು ಕಾಗೆಯ ಹಾಡು ಹಿಡಿದರು. ಬೆರಳುಗಳು ಎಡಗಡೆಯ ದಪ್ಪ ಸ್ವರದ ಮನೆಗಳಲ್ಲೇ ಓಡಾಡಿದವು. ಸಣ್ಣ ಸ್ವರಗಳಿರುವ ಬಲಕ್ಕೆ ಒಂದು ಮನೆಯನ್ನೂ ದಾಟಲಿಲ್ಲ.