ಹೊಸ ಮಷಿನ್ನಿನ ಪರೀಕ್ಷೆ

ಬಾಗಿಲು ತೆರೆದಿದ್ದರೂ ಓಡುತ್ತಿದ್ದ, ಕಬ್ಬಿಣ ಕೊರೆಯುವ ಹಳೆಯ ಮಷಿನ್ನು ಅಡಿವೆಪ್ಪನ ತಮ್ಮನನ್ನು ತೋಳು ಹಿಡಿದು ಒಳಗೆಳೆದು ಕೊಂದ ದಿನ, ಕಾರ್ಖಾನೆಯ ಸಾವುಕಾರರು ರಕ್ತ ತೊಳೆಸಿ ಮುಂದಿನ ಪಾಳಿ ನಡೆಸಿದ್ದರು. ಈಗ ಹೊಸದನ್ನು ಕೊಳ್ಳುವ ಮುಂಚೆ ಓಡಿಸಿ ನೋಡಲು ಅಡಿವೆಪ್ಪನನ್ನೇ ಮಷಿನ್ ಕಂಪನಿಯ ಶೋರೂಮಿಗೆ ಕರೆತಂದಿದ್ದರು.

“ಇಷ್ಟು ಸಣ್ಣ ಡಬ್ಬಿಯೊಳಗ ಕಟರ್ ಐದೂ ದಿಕ್ಕಿಗೆ ತಿರುಗತೈತೇನವ್ವಾ?” ಎನ್ನುತ್ತ ಸಾವುಕಾರರು ಮಷಿನ್ನಿನ ಬಾಗಿಲು ಸರಿಸಿ, ಅಡ್ಡಲಾಗಿ ನಿಂತ ಕಟರಿನ ಎದುರಿಗೇ ಕುತ್ತಿಗೆ ಚಾಚಿದರು.

“ಕೂದಲೆಳೆಯಷ್ಟೂ ತಪ್ಪಲ್ಲ ಸರ್,” ಎಂದಳು ಕಂಪನಿಯ ಇಂಜಿನಿಯರ್.

ಅಡಿವೆಪ್ಪ ಹಲ್ಲು ಕಚ್ಚಿ ಹಸಿರು ಗುಂಡಿಯನ್ನು ಒತ್ತಿದ.

ಕಟರ್ ಅಲುಗಲಿಲ್ಲ. ಕೆಂಪು ದೀಪವೊಂದು ಹತ್ತಿತು. ಮತ್ತೆ ಒತ್ತಿದ. ಹೆಬ್ಬೆರಳ ಉಗುರು ಬೆಳ್ಳಗಾಗುವ ತನಕ ಒತ್ತಿ ಹಿಡಿದ.

“ಬಾಗಿಲು ತೆಗೆದಿದ್ರೆ ಓಡಲ್ಲಣ್ಣ,” ಅವಳು ನಕ್ಕಳು. “ಅದಕ್ಕೇ ಒಂದು ಲಾಕ್ ಇರುತ್ತೆ. ಎಲ್ಲಾ ಮಷಿನ್ನಲ್ಲೂ ಇರುತ್ತೆ.”

ಅಡಿವೆಪ್ಪ ಗುಂಡಿಯ ಮೇಲಿನ ಬೆರಳು ತೆಗೆಯದೆ ಸಾವುಕಾರರ ಮುಖ ನೋಡಿದ.

ಅವರು ಕುತ್ತಿಗೆ ಹೊರಗೆಳೆದುಕೊಂಡು ಅವನ ಬೆನ್ನು ತಟ್ಟಿದರು. “ಭೇಷ್! ಟೆಸ್ಟ್ ಅಂದ್ರ ಹಿಂಗ ಮಾಡಬೇಕ ನೋಡು. ತಗೊಳ್ಳೂಣು ಇದನ್ನ. ಆದ್ರ ಆ ಲಾಕ್ ಕೆಲಸಕ್ಕ ಅಡ್ಡ. ಹಳೇ ಮಷಿನ್ನಿಂದು ನಾನಽ ಕಿತ್ತೊಗದಿದ್ದೆ. ಇದರದ್ದು ನೀ ಕೀಳಪಾ.”